ಮತ್ತೊಮ್ಮೆ ಕೇಳಿದವರು

ಜನಾಭಿಪ್ರಾಯ ಸಂಗ್ರಹವೆಂಬುದು ಒಂದು ಶಾಸ್ತ್ರವೆಂದು ಯಾರೂ ಒಪ್ಪದಿದ್ದ ಕಾಲದಲ್ಲಿ, ಜನರ ಮನಸ್ಸಿನಲ್ಲೇನಿದೆ ಎಂಬುದನ್ನು ಚಹಾ ಅಂಗಡಿಯ ಹರಟೆಯಿಂದಲೂ ಪತ್ರಿಕೆಗಳ ಸಂಪಾದಕೀಯದಿಂದಲೂ ಊಹಿಸಿಕೊಂಡು ದೊಡ್ಡವರೆಲ್ಲ ನೆಮ್ಮದಿಯಾಗಿದ್ದ ಕಾಲದಲ್ಲಿ, ಮನೆಮನೆಯ ಹೊಸ್ತಿಲಿಗೆ ಹೋಗಿ, ಕೇಳಿ, ಕಿವಿಗೊಟ್ಟು, ಬರೆದುಕೊಂಡು ಬರುವುದನ್ನೇ ಬಾಳಿನ ಕೆಲಸವಾಗಿ ಮಾಡಿಕೊಂಡವರು ನಮ್ಮ ಅಕ್ಕನವರು. ನಮ್ಮ ಅಧ್ಯಯನ ಕೇಂದ್ರದ ಕ್ಷೇತ್ರ ವಿಭಾಗದ ಮುಖ್ಯಸ್ಥೆಯಾಗಿ ಅವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಕಚೇರಿಯಲ್ಲಿ ಅವರನ್ನು ಎಲ್ಲರೂ ಅಕ್ಕ ಎಂದೇ ಕರೆಯುವುದು. ವಯಸ್ಸಿನಲ್ಲಿ ಅವರಿಗಿಂತ ಹಿರಿಯರಾಗಿದ್ದ ಹಿಂದಿನ ನಿರ್ದೇಶಕರೂ ಹಾಗೆಯೇ ಕರೆಯುತ್ತಿದ್ದರು, ಅದಕ್ಕೆ ನಾವು ಬಾಯಿ ಮುಚ್ಚಿಕೊಂಡು ನಗುತ್ತಿದ್ದೆವು.

ಈ ಅಭಿನಂದನ ಸಂಪುಟದ ಸಂಪಾದಕರು ಅಕ್ಕನವರ ಸದ್ಗುಣಗಳನ್ನು ಕುರಿತು ಬರೆಯಬೇಕೆಂದು ನನ್ನನ್ನು ಕೇಳಿದ್ದಾರೆ. ಸದ್ಗುಣಗಳನ್ನು ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ಅವರೊಡನೆ ಇಷ್ಟು ವರ್ಷ ಬಿಡದೆ ಜಗಳವಾಡಿದವನು ಮಾತ್ರ ನಾನೊಬ್ಬನೇ. ನಾನು ಕೋಷ್ಟಕ ವಿಭಾಗದವನು. ಕ್ಷೇತ್ರ ವಿಭಾಗದವರು ಊರು ಸುತ್ತಿ ತಂದ ಉತ್ತರಗಳನ್ನು ಕೂಡಿ, ಕಳೆದು, ಶೇಕಡಾವಾರು ಮಾಡಿ ಅಚ್ಚುಕಟ್ಟಾದ ಪಟ್ಟಿಯಾಗಿಸುವುದು ನಮ್ಮ ಕೆಲಸ. ಪಟ್ಟಿ ಸಿದ್ಧವಾಗಿ, ನಾನು ಕೈ ಒರೆಸಿಕೊಂಡು ಊಟಕ್ಕೇಳುವ ಹೊತ್ತಿಗೆ ಸರಿಯಾಗಿ ಅಕ್ಕನವರು ಬಾಗಿಲಲ್ಲಿ ನಿಂತು, "ಇದನ್ನ ಮತ್ತೊಮ್ಮೆ ಕೇಳಿಸೋಣ ಕಣ್ರೀ" ಎನ್ನುತ್ತಿದ್ದರು. ಎಷ್ಟು ಸಲ ನನ್ನ ಊಟ ಆರಿಹೋಗಿದೆಯೋ ಲೆಕ್ಕವಿಲ್ಲ. ಅವರ ಬೆನ್ನ ಹಿಂದೆ ನಾವು ಅವರಿಗೆ ಇಟ್ಟ ಹೆಸರು ‘ಮತ್ತೊಮ್ಮೆ ಮೇಡಂ’ ಎಂಬುದು ಅವರಿಗೆ ಗೊತ್ತಿಲ್ಲವೆಂದು ಬಹಳ ಕಾಲ ನಂಬಿದ್ದೆವು. ಅವರಿಗೆ ಮೊದಲ ವಾರದಲ್ಲೇ ಗೊತ್ತಾಗಿತ್ತಂತೆ.

ಅವರು ಸೇವೆಗೆ ಸೇರಿದ್ದು ದಿನಗೂಲಿಯ ಸಂದರ್ಶಕಿಯಾಗಿ. ಬಿಸಿಲಲ್ಲಿ ನಡೆದು, ನಾಯಿಗಳಿಂದ ತಪ್ಪಿಸಿಕೊಂಡು ಓಡಿ, ಬಾಗಿಲು ಮುಖಕ್ಕೆ ಹಾಕಿಸಿಕೊಂಡು ಕಲಿತ ವಿದ್ಯೆ ಅವರದು. ಆಮೇಲೆ ತಾವು ತರಬೇತಿ ಕೊಡುವ ಸ್ಥಾನಕ್ಕೆ ಬಂದಾಗ ಕಲಿಸಿದ್ದೂ ಅದನ್ನೇ: ಕೊಟ್ಟ ನೀರನ್ನು ಬೇಡ ಎನ್ನಬಾರದು, ಮನೆಯ ಹಿರಿಯರು ಕೂರುವ ಮೊದಲು ಕೂರಬಾರದು, ಉತ್ತರ ಕೇಳಿ ಮುಖ ಅರಳಿಸಲೂ ಬಾರದು, ಗಂಟಿಕ್ಕಲೂ ಬಾರದು. ಇವೆಲ್ಲ ಬೇರೆಡೆಯಲ್ಲೂ ಇರಬಹುದು. ಅವರದೇ ಆದ ಪದ್ಧತಿಯೊಂದಿತ್ತು, ನಾವದನ್ನು ‘ಮನೆಪರೀಕ್ಷೆ’ ಎನ್ನುತ್ತಿದ್ದೆವು. ಯಾವುದೇ ಪ್ರಶ್ನಾವಳಿ ಊರಿಗೆ ಹೋಗುವ ಮೊದಲು, ಕಚೇರಿಯ ಪ್ರತಿಯೊಬ್ಬರೂ ಅದನ್ನು ತಮ್ಮ ಮನೆಯವರಲ್ಲಿ ಒಬ್ಬರಿಗೆ ಕೇಳಿ, ಅವರು ಕೊಟ್ಟ ಉತ್ತರವನ್ನಲ್ಲ, ಅವರು ತಿರುಗಿ ಕೇಳಿದ ಪ್ರಶ್ನೆಯನ್ನು ಬರೆದು ತರಬೇಕು. ಮನೆಯವರು ಮುಲಾಜಿಲ್ಲದೆ ಕೇಳುತ್ತಾರೆ, ಊರವರು ಮರ್ಯಾದೆಗೆ ಸುಮ್ಮನಿರುತ್ತಾರೆ ಎಂಬುದು ಅವರ ವಾದ. ನಿರ್ದೇಶಕರಿಗೂ ಇದರಿಂದ ವಿನಾಯಿತಿ ಇರಲಿಲ್ಲ.

ಅವರ ಕರುಣೆಯ ಬಗ್ಗೆ ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ, ಇಲ್ಲದಿದ್ದರೆ ನನ್ನ ಹೆಂಡತಿ ಈ ಲೇಖನವನ್ನು ಅಚ್ಚಿಗೆ ಕಳಿಸಲು ಬಿಡುವುದಿಲ್ಲ. ಆಕೆ ಶಸ್ತ್ರಚಿಕಿತ್ಸೆಯಾಗಿ ಮಲಗಿದ್ದಾಗ ಅಕ್ಕನವರು ಪ್ರತಿ ಸಂಜೆ ಆಸ್ಪತ್ರೆಗೆ ಬಂದು, ನನ್ನನ್ನು ಗದರಿಸಿ ಮನೆಗೆ ಅಟ್ಟಿ, ತಾವು ಹಾಸಿಗೆಯ ಪಕ್ಕ ಕುಳಿತಿರುತ್ತಿದ್ದರು. ಹಗಲು ನನ್ನ ಕೆಲಸದ ತಪ್ಪು ಹಿಡಿದು ತಲೆ ತಿನ್ನುತ್ತಿದ್ದವರೂ ಅವರೇ, ಸಂಜೆ ಕಾಫಿಯ ಫ್ಲಾಸ್ಕ್ ಹಿಡಿದು ಬರುತ್ತಿದ್ದವರೂ ಅವರೇ. ಅಂಥವರ ಮೇಲೆ ನೆಟ್ಟಗೆ ಕೋಪ ಮಾಡಿಕೊಳ್ಳುವುದಾದರೂ ಹೇಗೆ ಹೇಳಿ!

ಇನ್ನು ನಾನು ಬರೆಯಲೇಬೇಕಾದ ಸಂಗತಿಗೆ ಬರುತ್ತೇನೆ. ನಗರದ ಬಸ್ ನಿಲ್ದಾಣದಲ್ಲಿ ಬಾಂಬು ಸಿಡಿದ ವರ್ಷವದು. ಸತ್ತವರಲ್ಲಿ ಹೆಚ್ಚಿನವರು ಟಿಕೆಟ್ಟಿನ ಸಾಲಿನಲ್ಲಿ ನಿಂತಿದ್ದ ಸಾಮಾನ್ಯ ಜನ. ಗಾಯಗೊಂಡವರಲ್ಲಿ ಅಕ್ಕನವರ ಒಬ್ಬನೇ ತಮ್ಮನಿದ್ದ. ದೂರದೂರಿನ ಬಸ್ಸಿನ ಚಾಲಕ. ಬಸ್ಸಿನಿಂದ ಇಳಿದು ಕೈಕಾಲು ಚಾಚುತ್ತಾ ನಿಂತಿದ್ದವನ ಬಲಗಾಲು ಮಂಡಿಯ ಕೆಳಗೆ ಹೋಯಿತು. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದವರು ಅಕ್ಕನವರೇ. ಆಸ್ಪತ್ರೆಯಿಂದ ಅವನನ್ನು ತಮ್ಮ ಮನೆಗೇ ಕರೆತಂದರು. ಬೆಳಗ್ಗೆ ಅವನ ಗಾಯಕ್ಕೆ ಪಟ್ಟಿ ಕಟ್ಟಿ ಕಚೇರಿಗೆ ಬರುತ್ತಿದ್ದ ಅವರ ಕೈಯಿಂದ ಔಷಧದ ವಾಸನೆ ಬರುತ್ತಿತ್ತು.

ಆ ದುರಂತದ ಬೆನ್ನಿಗೇ ಸರ್ಕಾರ ಒಂದು ಮಸೂದೆ ತಂದಿತು. ಅನುಮಾನ ಬಂದವರನ್ನು ಆರೋಪ ಹೊರಿಸದೆಯೇ ತಿಂಗಳುಗಟ್ಟಲೆ ಬಂಧನದಲ್ಲಿಡಬಹುದು, ಯಾರ ಫೋನನ್ನಾದರೂ ಕದ್ದು ಕೇಳಬಹುದು ಎಂಬುದು ಅದರ ತಿರುಳು. ಜನ ಏನೆನ್ನುತ್ತಾರೆ ಎಂದು ತಿಳಿದು ಬರುವ ಹೊಣೆ ನಮ್ಮ ಕೇಂದ್ರಕ್ಕೆ ಬಂತು. ಎಂದಿನಂತೆ ಮನೆಪರೀಕ್ಷೆಯಾಯಿತು. ನಾನು ನನ್ನ ಅತ್ತೆಯವರನ್ನು ಕೇಳಿದೆ.

"ದೇಶದ ಭದ್ರತೆಗೋಸ್ಕರ ಸರ್ಕಾರದವರು ಫೋನ್ ಕೇಳಿಸ್ಕೋಬಹುದಾ ಅತ್ತೆ?"

"ಯಾರ ಫೋನು? ನಂದೂನಾ?"

"ಅನುಮಾನ ಬಂದ್ರೆ ನಿಮ್ಮದೂ ಸೇರಿ."

"ಹಾಗಾದ್ರೆ ಬೇಡಪ್ಪ. ನಾನು ನನ್ನ ತಂಗಿ ಹತ್ರ ಮಾತಾಡೋದೆಲ್ಲ ನಿನ್ನ ವಿಷಯಾನೇ."

ಕಚೇರಿಯೆಲ್ಲ ನಕ್ಕಿತು. ಆದರೆ ಅಕ್ಕನವರ ಸರದಿ ಬಂದಾಗ ಯಾರೂ ನಗಲಿಲ್ಲ. ತಮ್ಮ ತಿರುಗಿ ಕೇಳಿದ್ದು ಒಂದೇ ಪ್ರಶ್ನೆ ಎಂದು ಅವರು ಓದಿದರು: "ಇದನ್ನೂ ಕೇಳಬೇಕಾ ಅಕ್ಕ?" ಆಮೇಲೆ ಅವರು ಚೀಟಿ ಮಡಚಿಟ್ಟು, "ನಂದೂ ಅದೇ ಅಭಿಪ್ರಾಯ ಕಣ್ರೀ. ಈ ಕಾನೂನು ಬರಲೇಬೇಕು. ಆದ್ರೆ ನಂದು ಯಾರಿಗೆ ಬೇಕಾಗಿದೆ, ಊರಿಂದು ತನ್ನಿ" ಎಂದರು. ಇದನ್ನು ನಾನು ಒತ್ತಿ ಬರೆಯುತ್ತಿದ್ದೇನೆ. ಮುಂದೆ ಅವರು ಮಾಡಿದ್ದನ್ನು ನೋಡಿ ಅವರು ಮಸೂದೆಯ ವಿರೋಧಿಯೆಂದು ಹಾಡಿ ಹೊಗಳಿದವರಿಗೂ, ಬಾಯಿಗೆ ಬಂದಂತೆ ಬೈದವರಿಗೂ ಈ ಸಂಗತಿ ತಿಳಿದಿರಲಿಲ್ಲ.

ಆಗ ಊರಿನ ತುಂಬ ಗಾಬರಿ. ಸಂದರ್ಶನಕ್ಕೆ ಹೋಗುವ ಹೆಣ್ಣುಮಕ್ಕಳ ಬಗ್ಗೆ ಅಕ್ಕನವರಿಗೆ ಹೇಳತೀರದಷ್ಟು ಕಾಳಜಿ. ಹಾಗಾಗಿ ಠಾಣೆಗೆ ತಾವೇ ಹೋಗಿ, ಪ್ರತಿ ತಂಡದ ಜೊತೆಗೆ ಒಬ್ಬ ಪೊಲೀಸ್ ಪೇದೆಯನ್ನು ಕೊಡಿಸಿಕೊಂಡು ಬಂದರು. ಪೇದೆಗಳು ಪಾಪ ಒಳ್ಳೆಯವರು, ಯಾರ ಮನೆಯ ಒಳಗೂ ಕಾಲಿಡದೆ ಗೇಟಿನ ಹತ್ತಿರ ನೆರಳು ನೋಡಿಕೊಂಡು ನಿಂತಿರುತ್ತಿದ್ದರು.

ಫಲಿತಾಂಶ ಬಂತು. ನೂರಕ್ಕೆ ಎಪ್ಪತ್ತು ಮಂದಿ ಮಸೂದೆಯ ಪರ. ಶಾಸನಸಭೆಯ ಚರ್ಚೆ ಹತ್ತಿರದಲ್ಲಿತ್ತು, ಮೇಲಿನವರು ವರದಿಗೆ ಕಾದು ಕುಳಿತಿದ್ದರು, ನಿರ್ದೇಶಕರು ಖುಷಿಯಾಗಿದ್ದರು. ನನ್ನ ಪಟ್ಟಿಗಳಂತೂ ಕಣ್ಣಿಗೆ ಹಬ್ಬವಾಗಿದ್ದವು. ಆಗ ಅಕ್ಕನವರು ಒಂದು ಸಾಲಿನ ಮೇಲೆ ಬೆರಳಿಟ್ಟರು. ರೈಲು ಹಳಿಯ ಆಚೆಗಿನ ಬಡಾವಣೆ. ಸ್ಫೋಟದ ನಂತರ ಪೊಲೀಸರು ಅಲ್ಲಿಂದಲೇ ಹಲವು ಹುಡುಗರನ್ನು ವಿಚಾರಣೆಗೆಂದು ಎತ್ತಿಕೊಂಡು ಹೋಗಿದ್ದರು. ಆ ಬಡಾವಣೆಯಲ್ಲಿ ಒಬ್ಬರೂ ಬಿಡದಂತೆ ಎಲ್ಲರೂ ‘ಹೌದು’ ಎಂದಿದ್ದರು.

"ನಮ್ಮನೇಲಿ ನಾಲ್ಕು ಜನ ಸೇರಿ ಫ್ಯಾನ್ ಹಾಕೋದಾ ಬೇಡ್ವಾ ಅಂತ ಒಪ್ಪಲ್ಲ. ಇಲ್ಲಿ ಇಡೀ ಬಡಾವಣೆ ಒಪ್ಪಿದೆಯಲ್ರೀ" ಎಂದರು.

ಮರುದಿನ ಒಬ್ಬರೇ ಅಲ್ಲಿಗೆ ಹೋದರು. ಮೊದಲ ಸುತ್ತಿನಲ್ಲಿ ‘ಹೌದು’ ಎಂದಿದ್ದ ದರ್ಜಿ ಹೆಂಗಸೊಬ್ಬಳ ಅಂಗಡಿಯ ಬಾಗಿಲಲ್ಲಿ ಕುಳಿತರು. ಆಕೆ ನೀರು ಕೊಟ್ಟು, ಬೀದಿಯ ಎರಡೂ ಕಡೆ ನೋಡಿ, "ಇವತ್ತು ನಿಮ್ ಪೊಲೀಸಪ್ಪ ಬರ್ಲಿಲ್ವಾ?" ಎಂದು ಕೇಳಿದಳು. ಅಕ್ಕನವರು ತಾವೊಬ್ಬರೇ ಬಂದದ್ದೆಂದರಂತೆ. ಇಲ್ಲ ಎಂದು ಖಾತ್ರಿಯಾದ ಮೇಲೆ ಆಕೆ ಮೆಷಿನ್ ನಿಲ್ಲಿಸಿದಳು. "ನನ್ನ ಮಗನ್ನ ಕರ್ಕೊಂಡು ಹೋಗಿ ತಿಂಗಳಾಯ್ತು ಕಣಮ್ಮ. ಎಲ್ಲಿದಾನೆ ಅಂತ ಯಾರೂ ಹೇಳ್ತಿಲ್ಲ. ಅವರು ಗೇಟಲ್ಲಿ ನಿಂತಿರುವಾಗ ನಾನು ಬೇಡ ಅಂದ್ರೆ, ಅವನ ಗತಿ ಏನಾಗುತ್ತೆ?"

ಅಕ್ಕನವರು ಕಚೇರಿಗೆ ಬಂದು ವರದಿಯನ್ನು ತಡೆಹಿಡಿಯಬೇಕೆಂದು ಕಡ್ಡಿ ಮುರಿದಂತೆ ಹೇಳಿದರು. ನಾನು ವಿರೋಧಿಸಿದೆ. ಆ ಬಡಾವಣೆಯ ಉತ್ತರಗಳನ್ನೆಲ್ಲ ತಿರುಗಿಸಿ ಹಾಕಿದರೂ ಎಪ್ಪತ್ತು ಅರವತ್ತೇಳಾಗುತ್ತದೆಯೇ ಹೊರತು ಬಹುಮತ ಅಲುಗಾಡುವುದಿಲ್ಲ ಎಂದು ಲೆಕ್ಕ ಮಾಡಿ ತೋರಿಸಿದೆ. ಆ ಲೆಕ್ಕ ಇವತ್ತಿಗೂ ಸರಿಯೇ, ಅದನ್ನು ಬಿಟ್ಟುಕೊಡಲು ನಾನು ಸಿದ್ಧನಿಲ್ಲ.

"ನಿಮ್ ಲೆಕ್ಕ ಸರಿನೇ" ಎಂದರು ಅಕ್ಕನವರು. "ಆದ್ರೆ ಈ ಕಾನೂನು ನಿಮ್ಮನೆ ಬಾಗಿಲು ತಟ್ಟಲ್ಲ, ನಮ್ಮನೇದೂ ತಟ್ಟಲ್ಲ. ಅವರದನ್ನೇ ತಟ್ಟೋದು. ಅವರನ್ನ ಬಿಟ್ಟು ಬೇರೆ ಎಲ್ಲರನ್ನೂ ಕೇಳ್ದಂಗಾಯ್ತಲ್ರೀ ಇದು."

ನಿರ್ದೇಶಕರು ಹೆದರಿದರು, ಗೊಣಗಿದರು, ಕೊನೆಗೆ ಒಂದಷ್ಟು ದಿನದ ಕಾಲಾವಕಾಶ ಕೊಟ್ಟರು. ಅಷ್ಟರಲ್ಲಿ ಸುದ್ದಿ ಹೊರಬಿದ್ದು, ಜನ ಮಸೂದೆಯ ಪರವಿರುವುದನ್ನು ಅಧಿಕಾರಿಯೊಬ್ಬಳು ಮುಚ್ಚಿಡುತ್ತಿದ್ದಾಳೆಂದು ಪತ್ರಿಕೆಯೊಂದು ಬರೆಯಿತು. ಆ ಬೆಳಗ್ಗೆ ನಾನು ಸಹಿಗಾಗಿ ಅಕ್ಕನವರ ಮನೆಗೆ ಹೋಗಿದ್ದೆ. ಅವರು ನೆಲದ ಮೇಲೆ ಕುಳಿತು ತಮ್ಮನ ಕಾಲಿನ ಪಟ್ಟಿ ಬಿಚ್ಚುತ್ತಿದ್ದರು. ಅವನು ಪತ್ರಿಕೆಯನ್ನು ಅವರ ಮುಂದೆ ಎಸೆದ.

"ನನ್ನ ಕಾಲು ತೆಗೆದೋರು ಇನ್ನೂ ಓಡಾಡ್ಕೊಂಡಿದಾರೆ. ನೀನು ಅವರ ಪರ ಲೆಕ್ಕ ಹಾಕ್ತಾ ಕೂತಿದೀಯ."

"ಅವರ ಪರ ಅಲ್ಲ ಕಣೋ. ನಂಗೂ ಆ ಕಾನೂನು ಬೇಕು. ಹೆದರಿಸಿ ತಗೊಂಡ ‘ಹೌದು’ ಮಾತ್ರ ಬೇಡ."

"ಹಾಗಾದ್ರೆ ನಂಗೆ ನೀನೂ ಬೇಡ."

ಅವನು ಅಂದೇ ಊರುಗೋಲು ಹಿಡಿದು ಚಿಕ್ಕಮ್ಮನ ಮನೆಗೆ ಹೊರಟುಹೋದ. ಅಕ್ಕನವರು ಔಷಧದ ಬಾಟಲಿ, ಹತ್ತಿ, ಪಟ್ಟಿಯ ಸುರುಳಿ ಎಲ್ಲವನ್ನೂ ಚೀಲಕ್ಕೆ ತುಂಬಿ ಆಟೋದೊಳಗೆ ಇಟ್ಟರು. ಆಮೇಲೆ ನನ್ನ ಕಾಗದಕ್ಕೆ ಸಹಿ ಹಾಕಿ, "ನಡೀರಿ, ಹೊತ್ತಾಯ್ತು" ಎಂದರು. ದಾರಿಯುದ್ದಕ್ಕೂ ಅವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಎರಡನೆಯ ಸುತ್ತಿನಲ್ಲಿ ಪೇದೆಗಳಿರಲಿಲ್ಲ. ಆ ಬಡಾವಣೆಗೆ ಅಕ್ಕನವರೇ ಮುಂದಾಗಿ ನಡೆದರು. ಉತ್ತರವನ್ನು ಯಾರ ಮುಂದೆಯೂ ಹೇಳಬೇಕಾಗಿಲ್ಲದಂತೆ ಬಿಸ್ಕತ್ತಿನ ಡಬ್ಬಕ್ಕೆ ಸೀಳು ಕೊರೆಸಿ, ಚೀಟಿ ಹಾಕಿಸಿಕೊಂಡರು. ಈ ಸಲ ಅಲ್ಲಿ ‘ಹೌದು’ ಎಂದವರು ಅರ್ಧಕ್ಕಿಂತ ಕಡಿಮೆ. ಆದರೆ ಸೊನ್ನೆಯೇನೂ ಅಲ್ಲ, ಇದನ್ನು ಅಕ್ಕನವರ ಅಭಿಮಾನಿಗಳು ಮರೆಯುತ್ತಾರೆ. ಬಸ್ ನಿಲ್ದಾಣಕ್ಕೆ ಅವರೂ ಹೋಗುತ್ತಾರಲ್ಲ. ಪರ ಬರೆದವರೂ ವಿರೋಧ ಬರೆದವರೂ ಚೀಟಿಯ ಅಂಚಿನಲ್ಲಿ, ಯಾರೂ ಕೇಳದೆಯೇ, ಹೆಚ್ಚುಕಡಿಮೆ ಒಂದೇ ಮಾತು ಗೀಚಿದ್ದರು: ಹಿಡಿದರೆ ಹಿಡಿಯಲಿ, ಎಲ್ಲಿಟ್ಟಿದ್ದೇವೆಂದು ಮನೆಗೆ ಹೇಳಲಿ. ಅಕ್ಕನವರು ಅದನ್ನೇ ಪ್ರಶ್ನೆಯಾಗಿಸಿ ಇಡೀ ನಗರವನ್ನು ಮತ್ತೊಮ್ಮೆ ಕೇಳಿಸಿದರು. ಮಸೂದೆ ಬೇಕೆಂದವರಲ್ಲಿಯೂ ಹತ್ತಕ್ಕೆ ಒಂಬತ್ತು ಮಂದಿ ಈ ಮಾತಿಗೆ ತಲೆಯಾಡಿಸಿದ್ದರು. ಸುರಕ್ಷತೆ ಬೇಕೋ ಸ್ವಾತಂತ್ರ್ಯ ಬೇಕೋ ಎಂದು ಪಂಡಿತರು ಹಗ್ಗ ಜಗ್ಗುತ್ತಿದ್ದಾಗ ಜನ ಎರಡನ್ನೂ ಬೇಡಿದ್ದರು, ಎರಡಕ್ಕೂ ಒಂದೊಂದು ಮಿತಿಯನ್ನೂ ಹೇಳಿದ್ದರು. ಅದನ್ನು ಹೇಳಲು ನಮ್ಮ ಮೊದಲ ಪ್ರಶ್ನಾವಳಿಯಲ್ಲಿ ಜಾಗವೇ ಇರಲಿಲ್ಲ.

ವರದಿಯಲ್ಲಿ ಎರಡೂ ಸುತ್ತಿನ ಪಟ್ಟಿಗಳು ಅಕ್ಕಪಕ್ಕ ಅಚ್ಚಾದವು. ಮುನ್ನುಡಿಯಲ್ಲಿ ಅಕ್ಕನವರು ಬರೆದರು: "ಮೊದಲ ಸುತ್ತಿನಲ್ಲಿ ಪೊಲೀಸರನ್ನು ಜೊತೆಗೆ ಕರೆದೊಯ್ದದ್ದು ನನ್ನ ತೀರ್ಮಾನ. ಅದು ತಪ್ಪು." ಕಾನೂನು ಬಂತು. ಬಂಧಿಸಿದ ದಿನವೇ ಮನೆಯವರಿಗೆ ತಿಳಿಸಬೇಕೆಂಬ ಒಂದು ಕಲಮು ಅದರಲ್ಲಿ ಸೇರಿತ್ತು. ನಮ್ಮ ವರದಿಯಿಂದಲೇ ಸೇರಿತೆಂದು ಹೇಳುವಷ್ಟು ಪುರಾವೆ ನನ್ನಲ್ಲಿಲ್ಲ. ದರ್ಜಿ ಹೆಂಗಸಿಗೆ ಮಗನಿರುವ ಜಾಗ ತಿಳಿಯಿತು, ಕೆಲವು ವಾರಗಳಲ್ಲಿ ಅವನು ಮನೆಗೂ ಬಂದ. ಅಕ್ಕನವರಿಗೆ ಬರಬೇಕಿದ್ದ ನಿರ್ದೇಶಕರ ಹುದ್ದೆ ಬೇರೆಯವರಿಗೆ ಹೋಯಿತು. ಅದಕ್ಕೆ ಅವರು ಕೊರಗಿದ್ದನ್ನು ನಾನು ಕಂಡಿಲ್ಲ. ಅವರು ಕೊರಗಿದ್ದು ತಮ್ಮನಿಗಾಗಿ. ಪ್ರತಿ ಭಾನುವಾರ ಚಿಕ್ಕಮ್ಮನ ಮನೆಗೆ ಹೋಗಿ ಹೊರಕೋಣೆಯಲ್ಲಿ ಕೂರುತ್ತಿದ್ದರು, ಅವನು ಒಳಕೋಣೆಯ ಬಾಗಿಲು ತೆರೆಯುತ್ತಿರಲಿಲ್ಲ. ಒಂದು ವರ್ಷ ದಾಟಿದ ಮೇಲೆ ಒಂದು ಭಾನುವಾರ ಅವನೇ ಹೊರಗೆ ಬಂದು, ಏನೂ ಆಗಿಯೇ ಇಲ್ಲವೆಂಬಂತೆ, ಅದೇ ಜಗಳವನ್ನು ಬಿಟ್ಟಲ್ಲಿಂದ ಮುಂದುವರಿಸಿದನಂತೆ. ಈಗಲೂ ಮುಂದುವರಿಯುತ್ತಿದೆ.

ಅಕ್ಕನವರೇ, ನಿಮ್ಮ ಕಾಲುಗಳಿಗೆ ಊರು ಸುತ್ತುವ ಶಕ್ತಿ ಇನ್ನೂ ಬಹುಕಾಲ ಇರಲಿ. ನಿವೃತ್ತಿಯ ನಂತರವೂ ಹೊಸ ಸಂದರ್ಶಕರಿಗೆ ಪಾಠ ಹೇಳಲು ಬರುತ್ತೀರೆಂದು ಕೇಳಿದೆ. ಬನ್ನಿ, ನನ್ನ ಊಟ ಆರಿಸಲು ಯಾರಾದರೂ ಬೇಕು. ನೂರು ವರ್ಷ ಬಾಳಿ, ಆರೋಗ್ಯವಾಗಿರಿ, ನಮ್ಮನ್ನು ಬೈಯುತ್ತಿರಿ.

ಈ ಸಂಪುಟಕ್ಕೆ ನಾಲ್ಕು ಸಾಲು ಬರೆದುಕೊಡು ಎಂದು ತಮ್ಮನನ್ನೂ ಕೇಳಿದ್ದೆ. ಬರೆಯಲಾರೆ ಎಂದ. "ಬೇಕಾದ್ರೆ ಹೇಳ್ತೀನಿ, ನೀವೇ ಬರ್ಕೊಳ್ಳಿ. ಅವತ್ತು ಅಕ್ಕ ಮಾಡಿದ್ದು ತಪ್ಪು ಅಂತ ಇವತ್ತೂ ಹೇಳ್ತೀನಿ, ನಾಳೆನೂ ಹೇಳ್ತೀನಿ" ಎಂದು ಊರುಗೋಲು ಕೈಗೆತ್ತಿಕೊಂಡ. "ಆದ್ರೆ ನಾಳೆ ಯಾರಾದ್ರೂ ನನ್ನ ಹಿಡ್ಕೊಂಡು ಹೋದ್ರೆ, ನಾನು ಯಾರು ಏನು ಅಂತ ನೋಡ್ದೆ, ಸಿಗೋವರೆಗೂ ಹುಡುಕೋಳು ಅವಳೊಬ್ಬಳೇ."