ಸುರಂಗದಕ್ಕನ ಢಮಾರ್

ಹೆತ್ತವರು ಇಟ್ಟ ಹೆಸರು ಅವಳಿಗೊಂದು ಇತ್ತು, ಆದರೆ ಬೀದಿಯಲ್ಲಿ ಅದು ಯಾರ ನಾಲಿಗೆಗೂ ಹತ್ತಿರಲಿಲ್ಲ. ಎಲ್ಲರಿಗೂ ಅವಳು ಸುರಂಗದಕ್ಕ. ಮಹಾನಗರದ ನೆಲದಡಿಯಲ್ಲಿ ಹಿಂದಿನವರು ಕಟ್ಟಿದ ಇಟ್ಟಿಗೆಯ ಕಾಲುವೆ, ನೀರಿನ ತೊಟ್ಟಿ, ಕಮಾನಿನ ಕೋಣೆಗಳನ್ನು ಪ್ರವಾಸಿಗರಿಗೆ ತೋರಿಸುವುದು ಅವಳ ಕೆಲಸ. ಮೊದಲು ಟಿಕೆಟ್ ಕೌಂಟರಿನಲ್ಲಿ ಕೂತಿದ್ದಳು. ಒಂದು ದಿನ ಗೈಡಿನ ಗಂಟಲು ಕಟ್ಟಿತೆಂದು ಇವಳನ್ನು ಕೆಳಗೆ ಕಳಿಸಿದರು. ಪಾಪ, ಆ ಗೈಡಿಗೇನು ಗೊತ್ತಿತ್ತು! ಗಂಟಲು ಸರಿಹೋಗಿ ಬರುವಷ್ಟರಲ್ಲಿ ಜನ ಇವಳನ್ನೇ ಕೇಳುತ್ತಿದ್ದರು.

ಅವಳ ಕೈಚಳಕವೆಲ್ಲ ಕೊನೆಯ ಕೋಣೆಯಲ್ಲಿತ್ತು. ಹಿಂದೆ ಯುದ್ಧ ನಡೆದಾಗ, ಮೇಲಿಂದ ಬಾಂಬು ಬೀಳುತ್ತಿದ್ದಾಗ, ಊರಿನ ಜನ ಮಕ್ಕಳುಮರಿ ಕಟ್ಟಿಕೊಂಡು ಬಂದು ಅಡಗುತ್ತಿದ್ದ ಜಾಗ ಅದು. ಅವಳು ಎಲ್ಲರನ್ನೂ ಕಲ್ಲಿನ ಬೆಂಚುಗಳ ಮೇಲೆ ಕೂರಿಸಿ ದೀಪ ಆರಿಸುತ್ತಿದ್ದಳು. ಕತ್ತಲಲ್ಲಿ ಪಿಸುದನಿಯಲ್ಲಿ ಒಂದಿಷ್ಟು ಹೇಳಿ, ಮೂಲೆಯಲ್ಲಿದ್ದ ಕಬ್ಬಿಣದ ಮುಚ್ಚಳವನ್ನು ಎತ್ತಿ ಕೈಬಿಡುತ್ತಿದ್ದಳು. ಢಮಾರ್! ಸುರಂಗವಿಡೀ ಗುಡುಗುತ್ತಿತ್ತು. ಜನ ಕಿಟಾರನೆ ಕಿರುಚಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅದಕ್ಕೆಂದೇ ಎರಡನೇ ಸಲ ಬಂದವರೂ ಇದ್ದರು. ಯಾರೂ ಹೇಳಿಕೊಟ್ಟದ್ದಲ್ಲ, ತನ್ನ ತಲೆಯಲ್ಲೇ ಹುಟ್ಟಿದ್ದು ಎಂದು ಅವಳಿಗೆ ಕೋಡು ಮೂಡಿತ್ತು.

ಊರೆಲ್ಲ ಭೇಷ್ ಎಂದರೂ ಮನೆಯಲ್ಲಿದ್ದ ಅಮ್ಮ ಮಾತ್ರ ಒಂದು ದಿನವೂ ಅನ್ನಲಿಲ್ಲ. ಬಟ್ಟೆ ಹೊಲಿದು ಮಗಳನ್ನು ಸಾಕಿದ ಹೆಂಗಸು. ಕೈಗಿಂತ ಬಾಯಿ ಜೋರು.

"ಚರಂಡಿ ತೋರಿಸೋಕೆ ಯೂನಿಫಾರ್ಮ್ ಬೇರೆ ಕೇಡು! ನೆಲದ ಮೇಲೆ ನಿನಗೆ ಕೆಲಸಾನೇ ಸಿಗಲಿಲ್ವಾ?"

ದಿನ ಬೆಳಗಾದರೆ ಇದೇ ರಾಗ. ಮಗಳು ಮೇಲೆ ನಗುತ್ತಿದ್ದಳು, ಒಳಗೆ ಉರಿಯುತ್ತಿತ್ತು. ಐವತ್ತರ ಹೆಂಗಸಾದರೇನು, ಅಮ್ಮನ ಬಾಯಿಂದ ಒಂದು ಒಳ್ಳೆಯ ಮಾತು ಬೇಕಿತ್ತು. ಕೊನೆಗೊಂದು ದಿನ ತಡೆಯಲಾಗಲಿಲ್ಲ.

"ಒಂದೇ ಒಂದು ಸಲ ಬಂದು ನೋಡಮ್ಮ. ನೋಡಿದ ಮೇಲೆ ಎಷ್ಟು ಬೇಕಾದ್ರೂ ಬೈಯಿ. ನೋಡದೇ ಬೈತೀಯಲ್ಲ, ನಾನೇನು ನಿನ್ನ ಮಗಳಲ್ವಾ?"

ಅಮ್ಮ ಹೊಲಿಯುತ್ತಿದ್ದ ಬಟ್ಟೆಯನ್ನು ಮಡಚಿಟ್ಟಳು. ಸ್ವಲ್ಪ ಹೊತ್ತಿಗೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು.

ಮೆಟ್ಟಿಲಿಳಿಯುವಾಗ ಅಮ್ಮ ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದಳು. ಮೊಣಕಾಲು ನೋವಿರಬೇಕು ಎಂದುಕೊಂಡಳು ಮಗಳು. ಅವತ್ತು ಅವಳ ಮಾತಿನ ಸೊಗಸೇ ಬೇರೆ. ಒಂದು ಕಣ್ಣು ಪ್ರವಾಸಿಗರ ಮೇಲೆ, ಇನ್ನೊಂದು ಅಮ್ಮನ ಮೇಲೆ. ಕೊನೆಯ ಕೋಣೆಯಲ್ಲಿ ಅಮ್ಮ ಯಾರೂ ಹೇಳದೆಯೇ ನೇರವಾಗಿ ಎದುರು ಗೋಡೆಯ ಮೂಲೆಗೆ ಹೋಗಿ ಕೂತಳು. ಮಗಳಿಗೆ ಅದೂ ಹೊಳೆಯಲಿಲ್ಲ. ದೀಪ ಆರಿಸಿ, ಎಂದಿಗಿಂತ ಹೆಚ್ಚು ಹೊತ್ತು ಕಾಯಿಸಿ, ಮುಚ್ಚಳವನ್ನು ಎದೆಯೆತ್ತರಕ್ಕೆ ಎತ್ತಿ ಬಿಟ್ಟಳು.

ಢಮಾರ್!

ಜನ ಕಿರುಚಿದರು, ನಕ್ಕರು. ನಗು ಅಡಗುತ್ತಿದ್ದಂತೆ ಮೂಲೆಯಿಂದ ಒಂದು ಎಳೆಯ ದನಿ ಬಂತು.

"ಕೈ ಬಿಡ್ಬೇಡ ಪುಟ್ಟಾ. ಅಕ್ಕ ಇಲ್ಲೇ ಇದೀನಿ. ಕೈ ಬಿಡ್ಬೇಡ."

ದೀಪ ಹಾಕಿದಾಗ ಕಂಡದ್ದು ಅಮ್ಮ. ಪಕ್ಕದಲ್ಲಿ ಯಾರೂ ಇರಲಿಲ್ಲ. ಚಿಕ್ಕ ಮಗುವಿನ ಕೈ ಹಿಡಿದವಳಂತೆ ಬಲಗೈ ಮುಷ್ಟಿ ಬಿಗಿದು ಕೂತಿದ್ದಳು.

ಮಗಳು ಓಡಿಹೋಗಿ ಮುಂದೆ ಕುಕ್ಕರಿಸಿದಳು. "ಅಮ್ಮಾ, ಯಾರು ಪುಟ್ಟ?"

"ನನ್ನ ತಮ್ಮ" ಅಂದಳು ಅಮ್ಮ. "ಇಲ್ಲೇ ಕೂತಿದ್ವಿ. ಆಮೇಲೆ ಮೆಟ್ಟಿಲ ಹತ್ರ ನೂಕುನುಗ್ಗಲು. ನಾವೆಲ್ಲ ಮೇಲೆ ಬಂದ್ವಿ, ಅವನು ಬರಲಿಲ್ಲ."

"ನನಗೆ ಒಂದು ದಿನ ಆದ್ರೂ ಹೇಳಬಾರದಿತ್ತಾ?"

"ಕೈ ಬಿಟ್ಟವಳು ನಾನು, ಯಾವ ಬಾಯಲ್ಲಿ ಹೇಳ್ಲಿ? ಬೈದೂ ಬೈದೂ ಈ ಕೆಲಸ ಬಿಡಿಸೋಣ ಅಂದ್ಕೊಂಡೆ. ನೀನು ಇಲ್ಲಿಂದ ಮೇಲೆ ಬರೋವರೆಗೂ ನನಗೆ ಜೀವದಲ್ಲಿ ಜೀವ ಇರಲ್ಲ ಕಣೇ."

ಇಷ್ಟು ವರ್ಷ ತಾನು ಯಾವುದನ್ನು ಆಟ ಮಾಡಿಕೊಂಡು ಜನರನ್ನು ನಗಿಸಿದೆ ಎಂದು ಅವಳಿಗೆ ಆಗ ತಿಳಿಯಿತು. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಅಮ್ಮನ ಮುಷ್ಟಿಯನ್ನು ಮೆಲ್ಲಗೆ ಬಿಡಿಸಿ ತನ್ನ ಕೈ ಅದರೊಳಗಿಟ್ಟಳು. ನಗುತ್ತಿದ್ದವರೆಲ್ಲ ತಲೆ ತಗ್ಗಿಸಿ ಎದ್ದು ನಿಂತಿದ್ದರು.

"ಇವರು ನಮ್ಮಮ್ಮ" ಎಂದಳು ಅವರಿಗೆ. ಹಿಡಿದ ಕೈ ಬಿಡದೆಯೇ ಅಮ್ಮನನ್ನು ಎಬ್ಬಿಸಿದಳು.

ಮೇಲೆ ಬಂದಾಗ ಗೇಟಿನ ಕಾವಲುಗಾರ ಎಂದಿನಂತೆ ಬೀಗ ಹಿಡಿದು ನಿಂತಿದ್ದ. ಪ್ರವಾಸಿಗರು ಒಬ್ಬೊಬ್ಬರಾಗಿ ಹೊರಟರು. ಅಮ್ಮ ಹೊರಡಲಿಲ್ಲ. ಗೇಟಿನ ಬಳಿ ನಿಂತು ಕೆಳಗಿನ ಮೆಟ್ಟಿಲುಗಳನ್ನೇ ನೋಡುತ್ತಿದ್ದಳು.

"ಎಲ್ಲಾ ಬಂದ್ರಾ ಅಕ್ಕ?" ಎಂದ ಕಾವಲುಗಾರ. "ಗೇಟ್ ಹಾಕ್ಲಾ?"

ಸುರಂಗದಕ್ಕ ಅಮ್ಮನ ಕೈ ಬಿಡದೆ ಅವಳ ಪಕ್ಕದಲ್ಲೇ ನಿಂತಳು.

"ಸ್ವಲ್ಪ ತಡಿಯಪ್ಪಾ" ಅಂದಳು. "ಒಬ್ಬ ಬರೋದಿದೆ."