ಪವರ್‌ಹೌಸ್ ನಿಲ್ಲಿಸಿದ ದಿನ

ಮಣಿಪಾಲದ ಗ್ಯಾರೇಜಿನ ಮುಂದೆ ಹಾದುಹೋಗುವಾಗ ಬಿಸಿ ಗ್ರೀಸಿನ ವಾಸನೆ ಬಂದರೆ ಈಗಲೂ ಒಂದು ಕ್ಷಣ ನಿಂತುಬಿಡುತ್ತೇನೆ. ನಿಮಗೂ ಇಂಥದೊಂದು ವಾಸನೆ ಇರಬಹುದು. ನಮ್ಮ ಮನೆಯ ವಾಸನೆ ಅದು. ಅಪ್ಪನ ಅಂಗಿಯಲ್ಲಿ, ಚಾಪೆಯಲ್ಲಿ, ಅಮ್ಮ ಎಷ್ಟು ತಿಕ್ಕಿದರೂ ಬಿಡದೆ ಅಪ್ಪ ಮೈ ಒರೆಸುವ ಬೈರಾಸಿನಲ್ಲಿ ಅದೇ. ಅಜೆಕಾರಿನಿಂದ ಆಚೆ, ಕರೆಂಟೆಂಬ ಮಾತೇ ಹೊಸದಾಗಿದ್ದ ಕಾಲದಲ್ಲಿ, ಅಕ್ಕಿ ಮಿಲ್ಲಿನ ಧಣಿಯೊಬ್ಬರು ಹೊಳೆಯ ದಂಡೆಯಲ್ಲಿ ಕಟ್ಟಿಸಿದ ಸಣ್ಣ ಪವರ್‌ಹೌಸಿಗೆ ತಾಗಿಯೇ ನಮ್ಮ ಎರಡು ಕೋಣೆಯ ಮನೆ. ಗುಡ್ಡದಿಂದ ನೀರು ತರುವ ಕಾಲುವೆಗೆ ಕಲ್ಲು ಹೊತ್ತವರು ನನ್ನ ಅಜ್ಜ. ಆ ನೀರಿಗೆ ತಿರುಗುವ ಯಂತ್ರವನ್ನು ನೋಡಿಕೊಂಡವರು ಅಪ್ಪ. ಮಿಲ್ಲು ನಡೆದದ್ದೂ ಪೇಟೆಯ ಕೆಲವು ಮನೆಗಳಲ್ಲಿ ಬಲ್ಬು ಉರಿದದ್ದೂ ಅದರಿಂದಲೇ.

ಯಂತ್ರದ ಸದ್ದು ಅಪ್ಪನ ಎರಡೂ ಕಿವಿಗಳನ್ನು ತಿಂದುಹಾಕಿತ್ತು. ಬೇರಿಂಗು ಬಿಸಿಯಾಗಿದೆಯೇ, ನೀರು ಕಡಿಮೆಯಾಗಿದೆಯೇ ಎಂಬುದೆಲ್ಲ ಯಂತ್ರದ ಮೇಲೆ ಅಂಗೈ ಇಟ್ಟರೆ ಅವರಿಗೆ ಗೊತ್ತಾಗುತ್ತಿತ್ತು. ಮನುಷ್ಯರ ಮಾತಿಗೆ ಮಾತ್ರ ಎಂಟು ವರ್ಷದ ನಾನು ಬೇಕಿತ್ತು. ನನ್ನ ತುಟಿ ನೋಡಿದರೆ ಅವರಿಗೆ ತಿಳಿಯುತ್ತಿತ್ತು.

ಸರಕಾರದ ಕರೆಂಟಿನ ಕಂಬಗಳು ಬಂದು ಹೊಸ ಲೈನು ಊರು ಮುಟ್ಟಿದ ವರ್ಷ, ಒಂದು ಬೆಳಿಗ್ಗೆ ಧಣಿಗಳ ಮಗ ಬಂದರು. ಒಳ್ಳೆಯವರೇ. ಅಪ್ಪನೆದುರು ಏನೋ ಹೇಳಿದರು, ಅರ್ಥವಾಗದೆ ಅಪ್ಪ ನಗುತ್ತ ನಿಂತರು. ಆಗ ಅವರು ನನ್ನ ಕಡೆ ತಿರುಗಿದರು.

"ನೀನೇ ಹೇಳು ಮಗು, ಯಂತ್ರ ನಿಲ್ಲಿಸಬೇಕು ಅಂತ."

ಹೇಳಿದೆ. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ನಿಲ್ಲಿಸುವುದು ರೂಢಿ, ಆದರೆ ಅದು ತುಂಬು ನೀರಿನ ತಿಂಗಳು.

"ಎಷ್ಟು ದಿನಕ್ಕಂತೆ?" ಎಂದರು ಅಪ್ಪ.

ಧಣಿಗಳ ಮಗ ನೆಲ ನೋಡುತ್ತ, ಇನ್ನು ಯಂತ್ರವೇ ಬೇಡ ಎಂದರು. ಬಾಗಿಲಲ್ಲಿದ್ದ ಅಮ್ಮ ಮುಂದೆ ಬರಲಿಲ್ಲ.

"ಇನ್ನು ಬೇಡವಂತೆ ಅಪ್ಪ."

ತಾನು ತಪ್ಪು ತಿಳಿದೆನೇನೋ ಎಂದು ಅಪ್ಪ ಇನ್ನೊಮ್ಮೆ ಹೇಳಿಸಿದರು. ಇನ್ನೊಮ್ಮೆ ಹೇಳಿದೆ. ಅವರು ವಾದ ಮಾಡಲಿಲ್ಲ. ಒಳಗೆ ಹೋಗಿ ಒಂದು ಕೈ ಯಂತ್ರದ ಮೇಲಿಟ್ಟು, ಇನ್ನೊಂದು ಕೈಯಿಂದ ನೀರಿನ ವಾಲ್ವು ಮುಚ್ಚಿದರು. ಸದ್ದು ಅಡಗಿ ಎಷ್ಟೋ ಹೊತ್ತಾದರೂ ಕೈ ತೆಗೆಯಲಿಲ್ಲ. "ನಿಂತಿತಾ?" ಎಂದು ನನ್ನನ್ನೇ ಕೇಳಿದರು. ನಾನು ತಲೆಯಾಡಿಸಿದೆ.

ಯಂತ್ರವನ್ನು ಗುಜರಿಯವರು ಕಳಚಿ ಒಯ್ದರು. ನಾವು ಉಡುಪಿಗೆ ಬಂದೆವು, ಅಪ್ಪ ಹೋಟೆಲೊಂದರಲ್ಲಿ ದೋಸೆ ಹಿಟ್ಟು ರುಬ್ಬುವ ಕೆಲಸಕ್ಕೆ ಸೇರಿದರು. ತೀರಿಕೊಳ್ಳುವ ಹಿಂದಿನ ವರ್ಷ ಒಮ್ಮೆ ಪವರ್‌ಹೌಸಿನ ಹತ್ತಿರ ಕರೆದುಕೊಂಡು ಹೋಗು ಎಂದರು. ಮಾಡು ಬಿದ್ದ ನಾಲ್ಕು ಗೋಡೆಗಳ ಪಕ್ಕದಲ್ಲಿ, ಅಜ್ಜ ಕಲ್ಲು ಹೊತ್ತ ಕಾಲುವೆಯ ನೀರು ಬಂಡೆಯ ಮೇಲೆ ಬೀಳುತ್ತಿತ್ತು.

"ನೀರು ಸುಮ್ಮನೆ ಹೋಗ್ತಾ ಉಂಟಲ್ಲ," ಎಂದರು.

ಕೊನೆಯ ಬಸ್ಸಿಗೆ ಹೊತ್ತಾಗಿತ್ತು. ನೀರು ನೋಡುತ್ತ ನಿಂತ ಅವರ ಭುಜ ಮುಟ್ಟಿ ಕರೆಯಲು ನನಗೆ ಮನಸ್ಸಾಗಲಿಲ್ಲ.