ಯಾವ ಮದ್ದು

ಅಣ್ಣ ನಮ್ಮ ವಿಶ್ವವಿದ್ಯಾಲಯಕ್ಕೆ ಬಂದದ್ದು ಒಂದೇ ಸಲ, ಒಂದು ಬುಧವಾರ. ಬದಿಯಡ್ಕದಲ್ಲಿ ಅವನಿಗೆ ಪಂಪ್‌ಸೆಟ್ ಮತ್ತು ಸಿಂಪಡಣೆಯ ಯಂತ್ರಗಳನ್ನು ರಿಪೇರಿ ಮಾಡುವ ಅಂಗಡಿಯಿತ್ತು. ಬಿಡಿಭಾಗ ತರಲು ಕಾಞಂಗಾಡಿಗೆ ಹೋದವನು ವಾಪಸು ಬರುವಾಗ ನನ್ನನ್ನು ನೋಡಿಕೊಂಡು ಹೋಗೋಣವೆಂದು ಇಳಿದಿದ್ದ. ಕೈಯಲ್ಲಿ ಅತ್ತಿಗೆ ಕೊಟ್ಟ ಹಲಸಿನ ಹಪ್ಪಳದ ಕಟ್ಟು ಇತ್ತು.

ನಾನು ಅಲ್ಲಿ ಫೊರೆನ್ಸಿಕ್ ಕೆಮಿಸ್ಟ್ರಿ ಕಲಿಸುತ್ತೇನೆ. ವಿಷ, ಸ್ಫೋಟಕ, ಬೂದಿ, ಶಾಯಿ ಇಂಥವುಗಳನ್ನು ನ್ಯಾಯಾಲಯ ಒಪ್ಪುವ ಹಾಗೆ ಪರೀಕ್ಷಿಸುವ ವಿದ್ಯೆ ಅದು. ಆ ದಿನ ಎಂ.ಎಸ್ಸಿ. ಮಕ್ಕಳಿಗೆ ಪ್ರಾಯೋಗಿಕ ತರಗತಿ. ಅನ್ನಕ್ಕೆ ಕೀಟನಾಶಕ ಬೆರೆಸಿ ಕೊಟ್ಟಿದ್ದೆ. ಅವರು ಅದನ್ನು ಬೇರ್ಪಡಿಸಿ, ಯಾವುದೆಂದು ಗುರುತಿಸಬೇಕಿತ್ತು. ಅಣ್ಣ ಬಾಗಿಲಲ್ಲಿ ನಿಂತು ಮೂಗೆಳೆದ.

“ಇದು ನನ್ನ ಅಂಗಡಿಯ ವಾಸನೆಯೇ ಅಲ್ವಾ ಮಾರಾಯ್ತಿ! ಇದಕ್ಕೆ ನಿನಗೆ ಸಂಬಳ ಬೇರೆ ಉಂಟಾ?”

ಮಂಜೇಶ್ವರದ ಒಬ್ಬ ಹುಡುಗಿ ಅದನ್ನು ಉಳಿದವರಿಗೆ ಮಲಯಾಳದಲ್ಲಿ ಹೇಳಿದಳು. ಎಲ್ಲರೂ ನಕ್ಕರು. ಅಣ್ಣನಿಗೆ ಯಂತ್ರಗಳೆಂದರೆ ಆಸೆ. ನಮ್ಮ ದೊಡ್ಡ ವಿಶ್ಲೇಷಣಾ ಯಂತ್ರದ ಸುತ್ತ ಒಂದು ಸುತ್ತು ಬಂದು ಕೇಳಿದ, “ಇದಕ್ಕೆ ಎಂತ ಹಾಕಿದ್ರೂ ಹೆಸರು ಹೇಳ್ತದಾ?”

“ಅದಕ್ಕೆ ಗೊತ್ತಿರುವುದನ್ನು ಹೇಳ್ತದೆ. ಗೊತ್ತಿಲ್ಲದಿದ್ದರೆ ಸುಮ್ಮನೆ ಇರ್ತದೆ.”

“ಹಾಗಾದ್ರೆ ನಿನ್ನ ಭಾವನಿಗಿಂತ ಬುದ್ಧಿವಂತ. ಅವನು ಗೊತ್ತಿಲ್ಲದ್ದನ್ನೇ ಹೆಚ್ಚು ಹೇಳುವುದು.” ಅವನು ಹೇಳಿದ್ದು ಅತ್ತಿಗೆಯ ತಮ್ಮನ ಬಗ್ಗೆ. ಅವರಿಬ್ಬರಿಗೂ ಮೊದಲಿನಿಂದ ಆಗುತ್ತಿರಲಿಲ್ಲ.

ಕ್ಯಾಂಟೀನಿನಲ್ಲಿ ಊಟ ಮಾಡಿದ. ಸಾಂಬಾರಿನಲ್ಲಿ ಹುಳಿ ಜಾಸ್ತಿ ಎಂದ. ಎರಡನೆಯ ಸಲ ಅನ್ನ ಹಾಕಿಸಿಕೊಂಡ. ಮಳೆಗಾಲ ಹತ್ತಿರವಾದ್ದರಿಂದ ಅಂಗಡಿಯಲ್ಲಿ ಕೆಲಸ ರಾಶಿ ಬಿದ್ದಿದೆ ಎಂದ. ಬಸ್ಸಿಗೆ ಕೈ ತೋರಿಸಿ, ಹತ್ತಿ, ಹೋದ. ಆ ದಿನವನ್ನು ನಾನು ಆಮೇಲೆ ಅನೇಕ ಸಲ ಪರೀಕ್ಷಿಸಿದ್ದೇನೆ. ದುಃಖದಲ್ಲಿದ್ದವನ ಲಕ್ಷಣವೂ ಕಾಯಿಲೆಯವನ ಲಕ್ಷಣವೂ ನನಗೆ ಅದರಲ್ಲಿ ಸಿಕ್ಕಿಲ್ಲ. ಹಸಿವಿದ್ದ ಒಬ್ಬ ಮನುಷ್ಯ ಊಟ ಮಾಡಿ ಹೋದ, ಅಷ್ಟೆ.

ಮರುದಿನ ಮಧ್ಯಾಹ್ನ ಅವನು ಅಂಗಡಿಯಿಂದ ಮನೆಗೆ ಫೋನ್ ಮಾಡಿ ಅತ್ತಿಗೆಗೆ ಹೇಳಿದ ಮಾತು ಇದು: “ಊಟಕ್ಕೆ ಬರುವುದಿಲ್ಲ. ಎದೆ ಉರಿ. ಮದ್ದು ಕುಡಿದಿದ್ದೇನೆ, ಸ್ವಲ್ಪ ಮಲಗ್ತೇನೆ.” ಚಹಾದ ಹೊತ್ತಿಗೆ ಪಕ್ಕದ ಹೋಟೆಲಿನವರು ಬಂದು ನೋಡುವಾಗ ಒಳಗಿನ ಬೆಂಚಿನ ಮೇಲೆ ಮಲಗಿದ್ದವನು ಏಳಲಿಲ್ಲ. ಜೀಪಿನಲ್ಲಿ ಆಸ್ಪತ್ರೆಗೆ ಕೊಂಡುಹೋದರು. ಮೊದಲೇ ಜೀವ ಹೋಗಿತ್ತು ಎಂದು ಡಾಕ್ಟರು ಹೇಳಿದರು.

ಕೊನೆಗೆ ಏನು ಹೇಳಿದ್ದರು ಎಂದು ಡಾಕ್ಟರು ಕೇಳಿದಾಗ ಅತ್ತಿಗೆ ಕೇಳಿದ್ದನ್ನು ಕೇಳಿದ ಹಾಗೆ ಹೇಳಿದರು. ಡಾಕ್ಟರು ಪೊಲೀಸರಿಗೆ ತಿಳಿಸಿದರು. ಅವರು ಮಾಡಿದ್ದು ಸರಿ. ಎದುರಿಗಿದ್ದದ್ದು ಸಿಂಪಡಣೆಯ ಯಂತ್ರ ರಿಪೇರಿ ಮಾಡುವವನ ದೇಹ, ಅವನ ಅಂಗಿಯಲ್ಲಿ ಕೀಟನಾಶಕದ ವಾಸನೆ, ಹೆಂಡತಿಯ ಬಾಯಲ್ಲಿ ‘ಮದ್ದು ಕುಡಿದಿದ್ದೇನೆ’ ಎಂಬ ಮಾತು. ಅವರ ಜಾಗದಲ್ಲಿ ಯಾರಿದ್ದರೂ, ನಾನಿದ್ದರೂ, ಹಾಗೆಯೇ ಮಾಡಬೇಕು ಎಂದೇ ನಾನು ಮಕ್ಕಳಿಗೆ ಹೇಳಿಕೊಡುವುದು.

ನಮ್ಮ ಕಡೆ ಜ್ವರದ ಗುಳಿಗೆಯೂ ಮದ್ದೇ. ಕಷಾಯ, ಅರಿಷ್ಟವೂ ಮದ್ದೇ. ಅಡಿಕೆ ಮರಕ್ಕೆ ಬಿಡುವುದೂ ಮದ್ದು, ಗದ್ದೆಯ ಹುಳಕ್ಕೆ ಹೊಡೆಯುವುದೂ ಮದ್ದು, ಜಾತ್ರೆಯಲ್ಲಿ ಸಿಡಿಸುವ ಕದಿನದಲ್ಲಿ ತುಂಬುವ ಪುಡಿಯೂ ಮದ್ದು. ಆಗದವರು ಅನ್ನದಲ್ಲಿ ಹಾಕಿ ಕೊಡುತ್ತಾರೆಂದು ಅಜ್ಜಿ ಹೆದರಿಸುತ್ತಿದ್ದದ್ದೂ ಮದ್ದೇ. ಯಾವುದೆಂದು ಯಾರೂ ಬಿಡಿಸಿ ಹೇಳುವುದಿಲ್ಲ, ಹೇಳಬೇಕಾಗುವುದೂ ಇಲ್ಲ. ಯಾರಿಗೆ, ಯಾವಾಗ, ಯಾರು ಎನ್ನುವುದರಿಂದ ತಿಳಿಯುತ್ತದೆ. ‘ಮದ್ದು ಕುಡಿದೆಯಾ?’ ಎಂದು ತಾಯಿ ಮಗುವಿನಲ್ಲಿ ಕೇಳಿದರೆ ಒಂದು ಅರ್ಥ. ‘ಮದ್ದು ಕುಡಿದನಂತೆ’ ಎಂದು ಬಸ್‌ಸ್ಟಾಂಡಿನಲ್ಲಿ ಯಾರಾದರೂ ಹೇಳಿದರೆ ಅರ್ಥ ಒಂದೇ, ಕೇಳಿದವರು ಮುಂದೆ ಏನೂ ಕೇಳದೆ ಚ್ ಚ್ ಎನ್ನುತ್ತಾರೆ.

ಅತ್ತಿಗೆಯ ಮಾತಿಗೆ ಆದದ್ದು ಅದು. ಅವರು ಆಸ್ಪತ್ರೆಯ ವರಾಂಡದಲ್ಲಿ ಹೇಳಿದ ‘ಕುಡಿದಿದ್ದೇನೆ ಅಂದ್ರು’ ಗೇಟಿನ ಹೊರಗೆ ಹೋಗುವಾಗ ‘ಕುಡಿದನಂತೆ’ ಆಗಿತ್ತು. ಅಣ್ಣನನ್ನು ಆಸ್ಪತ್ರೆಗೆ ಕೊಂಡುಹೋಗಿದ್ದಾರೆ ಎಂದಷ್ಟೇ ತಿಳಿದು ನಾನು ಬಸ್ಸಿನಲ್ಲಿ ಬರುತ್ತಿದ್ದಾಗಲೇ ಬಾಯಾರಿನ ಚಿಕ್ಕಮ್ಮನ ಫೋನು ಬಂತು. “ಎಂತಕ್ಕೆ ಹಾಗೆ ಮಾಡಿಕೊಂಡದ್ದು ಅವ? ನಿನ್ನ ಹತ್ತಿರ ಎಂತಾದ್ರೂ ಹೇಳಿದ್ದನಾ?” ಎಂದು ಅವರು ಅತ್ತರು. ಅಣ್ಣ ಸತ್ತ ಸುದ್ದಿಗಿಂತ ಹೇಗೆ ಸತ್ತನೆಂಬ ಸುದ್ದಿ ನನಗೆ ಮೊದಲು ತಲುಪಿತು.

ಅಂಗಡಿಯೊಳಗೆ ಏನೇನಿತ್ತು ಎಂಬುದನ್ನು ಬರೆಯಬೇಕು. ಪರೀಕ್ಷಿಸಿ ನೋಡಲು ಗಿರಾಕಿಗಳು ಯಂತ್ರದ ಜೊತೆ ತಂದಿಡುತ್ತಿದ್ದ ಅರ್ಧ, ಕಾಲು ಬಾಟಲಿ ಕೀಟನಾಶಕಗಳಿದ್ದವು. ಮೈಲುತುತ್ತಿನ ಚೀಲ, ಸೀಮೆಎಣ್ಣೆ, ಗ್ರೀಸು ಇದ್ದವು. ಪೊಲೀಸರು ಬಾಟಲಿಗಳನ್ನು ಸೀಲು ಮಾಡಿ ಕೊಂಡುಹೋದರು. ಬೆಂಚಿನ ಕೆಳಗೆ ಒಂದು ಗ್ಲಾಸು ಇತ್ತಂತೆ. ಅದು ಅವರಿಗೆ ಸಿಗಲಿಲ್ಲ. ಅದು ಪಕ್ಕದ ಹೋಟೆಲಿನ ಗ್ಲಾಸು. ಎಲ್ಲರೂ ಜೀಪಿನ ಹಿಂದೆ ಓಡಿದ ಮೇಲೆ ಹೋಟೆಲಿನವರು ಅದನ್ನು ಎತ್ತಿಕೊಂಡು ಹೋಗಿ, ಬೇರೆ ಗ್ಲಾಸುಗಳ ಜೊತೆ ತೊಳೆದು ಇಟ್ಟರು. ಪ್ರತಿದಿನ ಅವರು ಮಾಡುವ ಕೆಲಸವೇ ಅದು.

ನಾನು ಹೋಗಿ ಕೇಳಿದಾಗ ಅವರು ಕೈ ಒರೆಸಿಕೊಂಡು ಹೊರಗೆ ಬಂದರು.

“ನನಗೆ ಗೊತ್ತಿರಲಿಲ್ಲ ಟೀಚರೇ. ಗ್ಲಾಸು ಕಂಡಿತು, ತಂದೆ.”

“ಚಹಾ ಕೊಟ್ಟದ್ದಾ ಅದರಲ್ಲಿ?”

“ಚಹಾ ಅಲ್ಲ. ಬಿಸಿನೀರು. ‘ಅರ್ಧ ಗ್ಲಾಸು ಬಿಸಿನೀರು ಕೊಡಿ ಕಾಕಾ, ನಿಮ್ಮ ಪೊರೋಟ ಎದೆಯಲ್ಲೇ ಕೂತಿದೆ’ ಅಂದ್ರು. ನಾನು ಹೇಳಿದೆ, ‘ಪೊರೋಟಕ್ಕೆ ಎಂತಕ್ಕೆ ದೂರು? ನಾಲ್ಕು ತಿಂದದ್ದು ನೀವು.’ ನಕ್ಕುಕೊಂಡೇ ಹೋದ್ರು.” ಅವರು ರಸ್ತೆಯ ಕಡೆ ನೋಡಿದರು. “ಗ್ಲಾಸಿನಲ್ಲಿ ಎಂತ ವಾಸನೆ ಇತ್ತು ಅಂತ ನೀವು ಕೇಳ್ತೀರಿ. ನಾನು ಮೂಸಲಿಲ್ಲ. ಗ್ಲಾಸನ್ನು ಯಾರಾದ್ರೂ ಮೂಸ್ತಾರಾ?”

ಬಿಸಿನೀರು ಕೇಳಿದ್ದು ನನ್ನ ಮಟ್ಟಿಗೆ ದೊಡ್ಡ ಸಂಗತಿಯಾಗಿತ್ತು. ಅರಿಷ್ಟಕ್ಕೆ, ಗ್ಯಾಸಿನ ಪುಡಿಗೆ ಜನ ಬಿಸಿನೀರು ಕೇಳುತ್ತಾರೆ. ಆದರೆ ಅಂಗಡಿಯಲ್ಲಿ ಅರಿಷ್ಟದ ಬಾಟಲಿಯಾಗಲೀ ಪುಡಿಯ ಕಾಗದವಾಗಲೀ ಇರಲಿಲ್ಲ. ಪೇಟೆಯ ಮೆಡಿಕಲ್ ಶಾಪುಗಳಲ್ಲಿ, ಆಯುರ್ವೇದದ ಅಂಗಡಿಯಲ್ಲಿ ವಿಚಾರಿಸಿದೆ. ಅಣ್ಣನ ಗುರುತು ಎಲ್ಲರಿಗೂ ಇತ್ತು. ಆ ದಿನ ಬಂದಿದ್ದನೇ ಎಂಬ ನೆನಪು ಯಾರಿಗೂ ಇರಲಿಲ್ಲ.

ಮರಣೋತ್ತರ ಪರೀಕ್ಷೆಯಲ್ಲಿ ಹೃದಯದ ರಕ್ತನಾಳ ಕಟ್ಟಿಕೊಂಡದ್ದು ಕಂಡಿತ್ತು. ಕೊನೆಯ ಅಭಿಪ್ರಾಯವನ್ನು ರಾಸಾಯನಿಕ ಪರೀಕ್ಷೆಯ ನಂತರ ಕೊಡುತ್ತೇವೆ ಎಂದರು. ಒಳಗಿನ ಅಂಗಗಳ ಭಾಗಗಳನ್ನು ಉಪ್ಪಿನ ದ್ರಾವಣದಲ್ಲಿ ಹಾಕಿ, ಸೀಲು ಮಾಡಿ, ಸರಕಾರಿ ಪ್ರಯೋಗಾಲಯಕ್ಕೆ ಕಳುಹಿಸಿದರು. ಆ ಕೆಲಸದ ಪ್ರತಿಯೊಂದು ಹಂತವನ್ನೂ ನಾನು ವರ್ಷವರ್ಷ ಪಾಠ ಮಾಡುತ್ತೇನೆ. ಉಪ್ಪು ಎಷ್ಟಿರಬೇಕು, ಬಾಟಲಿ ಎಷ್ಟು ತುಂಬಬೇಕು, ಬರೇ ಉಪ್ಪುನೀರನ್ನು ಬೇರೆ ಬಾಟಲಿಯಲ್ಲಿ ಏಕೆ ಕಳುಹಿಸಬೇಕು. ನಮ್ಮಲ್ಲಿ ಉಪ್ಪುನೀರಿನಲ್ಲಿ ಹಾಕಿಡುವುದು ಮಾವಿನ ಮಿಡಿಯನ್ನು, ಹಲಸಿನ ಸೊಳೆಯನ್ನು. ಆ ಹೋಲಿಕೆಯನ್ನು ತರಗತಿಯಲ್ಲಿ ನಾನೇ ಹೇಳುತ್ತಿದ್ದೆ, ಮಕ್ಕಳಿಗೆ ಬೇಗ ನೆನಪು ನಿಲ್ಲುತ್ತದೆಂದು. ಈಗ ಹೇಳುವುದಿಲ್ಲ.

“ನೀನೇ ಪರೀಕ್ಷೆ ಮಾಡಿದ್ರೆ ಆಗುವುದಿಲ್ವಾ?” ಎಂದು ಅತ್ತಿಗೆ ಕೇಳಿದ್ದರು. “ಆ ದೊಡ್ಡ ಮಿಶಿನು ಉಂಟಂತೆ ಅಲ್ಲಿ. ಆ ದಿನ ಇವರು ಬಂದು ಹೇಳಿದ್ರು.”

ಆಗುವುದಿಲ್ಲ ಎಂದೆ. ಸತ್ತವನ ತಂಗಿ ಮುಟ್ಟಿದ ಸಾಕ್ಷ್ಯ ಸಾಕ್ಷ್ಯವಲ್ಲ. ಅತ್ತಿಗೆ ತಲೆಯಾಡಿಸಿದರು. ಅವರಿಗೆ ಬೇಕಾದದ್ದು ನ್ಯಾಯಾಲಯಕ್ಕೆ ಆಗುವ ಉತ್ತರವಲ್ಲ ಎಂದು ನಮಗಿಬ್ಬರಿಗೂ ಗೊತ್ತಿತ್ತು. ಬೆಳಿಗ್ಗೆ ನೀರು ದೋಸೆ ತಿಂದು, ಬರುವಾಗ ಏನು ತರಬೇಕೆಂದು ಕೇಳಿ ಹೋದ ಗಂಡ ತನ್ನನ್ನು ಬಿಟ್ಟು ಹೋಗಬೇಕೆಂದು ಹೋದನೋ, ಅಲ್ಲವೋ? ಅವರಿಗೆ ತಿಳಿಯಬೇಕಾದದ್ದು ಅದೊಂದೇ.

ವರದಿ ಬರಲು ಬಹಳ ಕಾಲ ಹಿಡಿಯಿತು. ಅಷ್ಟರಲ್ಲಿ ಹೊಸ ಮಕ್ಕಳು ಬಂದರು. ಮೊದಲ ತರಗತಿಯಲ್ಲಿ ಎಂದಿನಂತೆ, ಫಲಿತಾಂಶದಲ್ಲಿ ‘ಇಲ್ಲ’ ಎಂದು ಬರೆಯಬಾರದು, ‘ಪತ್ತೆಯಾಗಿಲ್ಲ’ ಎಂದು ಬರೆಯಬೇಕು ಎಂದು ಹೇಳಿಕೊಟ್ಟೆ. ನಾವು ಹುಡುಕಿದ್ದು ಮಾತ್ರ ಸಿಗದೆ ಹೋದದ್ದು, ಹುಡುಕದೆ ಇದ್ದದ್ದರ ಬಗ್ಗೆ ನಾವು ಏನೂ ಹೇಳಿದ ಹಾಗಾಗುವುದಿಲ್ಲ. ನನ್ನ ಸಂಶೋಧನೆಯೂ ಇದಕ್ಕೆ ಹತ್ತಿರದ್ದೇ. ನಮ್ಮ ಊರಿನ ಸೆಕೆಯಲ್ಲಿ ಇಟ್ಟ ಮಾದರಿಗಳಲ್ಲಿ ಕೆಲವು ಕೀಟನಾಶಕಗಳು ಎಷ್ಟು ಕಾಲ ಗುರುತು ಸಿಗುವ ಹಾಗೆ ಉಳಿಯುತ್ತವೆ ಎಂಬುದು. ಎಲ್ಲವೂ ಉಳಿಯುವುದಿಲ್ಲ.

ವರದಿಯಲ್ಲಿ ಇದ್ದದ್ದು ಅದೇ ಮಾತು. ವಿಷ ಪತ್ತೆಯಾಗಿಲ್ಲ. ಹೃದಯದ ಕಾಯಿಲೆಯಿಂದ ಮರಣ ಎಂದು ಡಾಕ್ಟರು ಅಭಿಪ್ರಾಯ ಕೊಟ್ಟರು, ಪೊಲೀಸರು ಫೈಲು ಮುಚ್ಚಿದರು. ಠಾಣೆಯಿಂದ ಹೊರಗೆ ಬಂದು, ಬಸ್ಸಿಗೆ ಕಾಯುತ್ತಾ ಅತ್ತಿಗೆ ಕೇಳಿದರು.

“ಪತ್ತೆಯಾಗಿಲ್ಲ ಅಂದ್ರೆ ಇಲ್ಲ ಅಂತ ಅಲ್ವಾ?”

“ಹುಡುಕಿದ್ದು ಸಿಗಲಿಲ್ಲ ಅಂತ...” ಎಂದು ಶುರು ಮಾಡಿದೆ.

“ಕ್ಲಾಸಿನಲ್ಲಿ ಹೇಳುವುದನ್ನು ನನಗೆ ಹೇಳಬೇಡ.”

“ಅಣ್ಣ ಹಾಗೆ ಮಾಡಿಕೊಳ್ಳಲಿಲ್ಲ ಅಂತ ನಾನು ನಂಬ್ತೇನೆ ಅತ್ತಿಗೆ.”

“ನಂಬುವುದು ನಾನೂ ನಂಬ್ತೇನೆ. ನಂಬಲಿಕ್ಕೆ ನೀನು ಎಂತಕ್ಕೆ?”

ಅವರು ಸಿಟ್ಟಿನಿಂದ ಹೇಳಲಿಲ್ಲ. ಬಸ್ಸು ಬಂತು, ಹತ್ತಿದೆವು. ಕಿಟಕಿಯ ಬದಿಯ ಸೀಟನ್ನು ನನಗೆ ಬಿಟ್ಟುಕೊಟ್ಟರು.

ಫೈಲು ಮುಚ್ಚಿದರೂ ಮಾತಿನ ದಾರಿ ಮಾತ್ರ ಮುಚ್ಚಲಿಲ್ಲ. ಕಳೆದ ವರ್ಷ ಅಡೂರಿನಲ್ಲಿ ಒಂದು ಮದುವೆಯ ಪಂಕ್ತಿಯಲ್ಲಿ, ಎದುರು ಸಾಲಿನಲ್ಲಿ ಕುಳಿತ ಹಿರಿಯ ಹೆಂಗಸೊಬ್ಬರು ಅತ್ತಿಗೆಯನ್ನು ಗುರುತಿಸಿ ಪಕ್ಕದವರಿಗೆ ಹೇಳಿದರು, “ಪಾಪ, ಇವಳ ಯಜಮಾನರೇ ಮದ್ದು ಕುಡಿದು ಹೋದದ್ದು.” ಮೆಲ್ಲಗೆ ಹೇಳಿದ್ದೆಂದು ಅವರು ತಿಳಿದಿರಬೇಕು. ಪಾಯಸ ಬಡಿಸುತ್ತಿದ್ದವನ ಕೈ ನಿಂತಿತು.

ಅತ್ತಿಗೆ ಎಲೆಯಿಂದ ತಲೆಯೆತ್ತಿದರು.

“ಹೌದು ಅಕ್ಕ, ಕುಡಿದದ್ದು ಹೌದು. ಎದೆ ಉರಿ ಅಂತ ಕುಡಿದದ್ದು. ನಿಮಗೂ ಪ್ರೆಶರಿಗೆ ಮದ್ದು ಉಂಟಲ್ವಾ, ಊಟ ಆದ ಮೇಲೆ ನೀವೂ ಕುಡಿಯಿರಿ.”

ಯಾರೋ ಒಬ್ಬರು ನಕ್ಕರು. ಆ ಹೆಂಗಸು ತಪ್ಪಾಯಿತು ಮಗಳೇ ಎಂದು, ಪಾಯಸ ಹಾಕಿಸಿಕೊಂಡರು. ಅತ್ತಿಗೆಯೂ ಹಾಕಿಸಿಕೊಂಡರು. ಅವರು ಅಷ್ಟು ಗಟ್ಟಿಯಾಗಿ ಹೇಳಿದ್ದನ್ನು ನಾನು ಮೊದಲ ಸಲ ಕೇಳಿದ್ದು. ದಾರಿಯಲ್ಲಿ ಬರುವಾಗ ನನ್ನ ಕೈ ಹಿಡಿದು, “ನಾನು ಹೇಳಿದ್ದು ಸರಿ ಅಲ್ವಾ?” ಎಂದು ಕೇಳಿದರು. ಸರಿ ಎಂದೆ. ಅದು ನನ್ನ ಅಭಿಪ್ರಾಯ.

ಅಣ್ಣನ ಹೃದಯದಲ್ಲಿ ಏನಾಗಿತ್ತೆಂದು ಗೊತ್ತಿದೆ. ಹೋಟೆಲಿನಿಂದ ಬಿಸಿನೀರು ತಂದದ್ದು ಗೊತ್ತಿದೆ. ಕುಡಿದಿದ್ದೇನೆ ಎಂದು ಅವನೇ ಹೇಳಿದ್ದಾನೆ. ಅವನು ಕುಡಿದದ್ದು ಯಾವ ಮದ್ದು ಎಂಬುದು ನನಗೂ ಅತ್ತಿಗೆಗೂ ಗೊತ್ತಿಲ್ಲ.